ಆಗುಂಬೆ ಮಳೆಯಲ್ಲಿ ಟಿವಿ ಕಾಡಿನ ವಿದ್ಯೆ ನಡೆಯುತ್ತಾ?

ಗುಡ್ಡೆಕೇರಿ
ಮ್ಯಾನ್ ವರ್ಸಸ್ ವೈಲ್ಡ್, ಸರ್ವೈವರ್‌ಮ್ಯಾನ್, ನೇಕೆಡ್ ಆಂಡ್ ಅಫ್ರೇಡ್, ಅಲೋನ್. ಕಾಡಿನಲ್ಲಿ ಬದುಕಿ ಉಳಿಯೋದನ್ನ ತೋರಿಸೋ ಈ ನಾಲ್ಕು ಟಿವಿ ಶೋಗಳನ್ನ ಮುಂದಿಟ್ಟುಕೊಂಡು ಒಂದು ಪ್ರಶ್ನೆ. ಇವು ಕಲಿಸುವ ಪಾಠಗಳಲ್ಲಿ ಮೂರು ಪದೇ ಪದೇ ಬರ್ತವೆ: ಕಡ್ಡಿ ತಿಕ್ಕಿ ಬೆಂಕಿ ಎಬ್ಬಿಸು, ಒಣ ಎಲೆ ರಾಶಿ ಹಾಕಿ ಅದರ ಮೇಲೆ ಮಲಗು, ದಾರಿ ತಪ್ಪಿದರೆ ಹಳ್ಳ ಹಿಡಿದು ಕೆಳಗಿಳಿ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಸುರಿಯೋ ಆಗುಂಬೆ ಸುತ್ತ ಈ ಮೂರರಲ್ಲಿ ಯಾವುದು ನಡೆಯುತ್ತೆ? ಒಂದೂ ನಡೆಯಲ್ಲ ಅಂತ ನನ್ನ ವಾದ. ಆದರೂ ಮಳೆಗಾಲದ ರಾತ್ರಿ ಕರೆಂಟ್ ಇದ್ದಷ್ಟು ಹೊತ್ತು ನಮ್ಮ ಕಡೆ ಜನ ಕಣ್ಣು ಮಿಟುಕಿಸದೆ ಇವನ್ನೇ ನೋಡ್ತಾರೆ. ಅದು ಯಾಕೆ ಅನ್ನೋದು ಎರಡನೇ ಪ್ರಶ್ನೆ.

ಬೆಟ್ಟದ ಬ್ಯಾಗು
ಒಂದೂ ನಡೆಯಲ್ಲ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು ಸಾರ್. ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕೋದೂ ಸರಿಯಲ್ಲ. 2006ರಲ್ಲಿ ಶುರುವಾದ ಬೇರ್ ಗ್ರಿಲ್ಸ್‌ನ ಮ್ಯಾನ್ ವರ್ಸಸ್ ವೈಲ್ಡ್ ಶೋದಲ್ಲಿ ಪೂರ್ತಿ ತಂಡ ಜೊತೆಗಿರುತ್ತೆ, ಒಪ್ಪೋಣ. ಆದರೆ ಸರ್ವೈವರ್‌ಮ್ಯಾನ್‌ನ ಲೆಸ್ ಸ್ಟ್ರೌಡ್ 2004ರಿಂದಲೇ ಕ್ಯಾಮೆರಾ ತಾನೇ ಹೊತ್ತು ಸಾಮಾನ್ಯವಾಗಿ ಏಳು ದಿನ ಒಬ್ಬನೇ ಇದ್ದವನು. ಅಲೋನ್ ಇನ್ನೂ ಒಂದು ಹೆಜ್ಜೆ ಮುಂದೆ. 2015ರ ಮೊದಲ ಸೀಸನ್‌ನಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ 10 ಜನರನ್ನು ಬೇರೆ ಬೇರೆ ಕಡೆ ಬಿಟ್ಟರು, ಒಬ್ಬೊಬ್ಬರಿಗೆ ಆರಿಸಿಕೊಂಡ 10 ಸಾಮಾನು. ಗೆದ್ದವನು ನಿಂತದ್ದು 56 ದಿನ. ಒಬ್ಬ ಬೆಂಕಿ ಹೊತ್ತಿಸೋ ಫೆರೋ ರಾಡ್ ಕಳೆದುಕೊಂಡು ನಾಲ್ಕನೇ ದಿನಕ್ಕೇ ಮನೆಗೆ ಹೋದ. ಅದೂ ಮಳೆ ಸುರಿಯೋ, ಮರ ದಟ್ಟವಾಗಿರೋ ಜಾಗವೇ. ಅಲ್ಲಿ ನಡೆದದ್ದು ಆಗುಂಬೆಯಲ್ಲಿ ಯಾಕೆ ನಡೆಯಲ್ಲ?

ಕೊಕ್ಕೆಕತ್ತಿ
ನೀವೇ ಉತ್ತರ ಹೇಳಿದ್ರಲ್ಲ ಮಾರಾಯ್ರೇ. ಫೆರೋ ರಾಡ್ ಕಳ್ಕೊಂಡವ ಕಡ್ಡಿ ತಿಕ್ಕಿ ಬೆಂಕಿ ಮಾಡ್ಕೊಂಡು ಎಂತಕ್ಕೆ ಕೂರ್ಲಿಲ್ಲ?

ವಿಧಾನ ಸುಳ್ಳಲ್ಲ. ಹೆಬ್ಬೆರಳು ದಪ್ಪದ, ಒಂದು ಗೇಣುದ್ದದ ನೆಟ್ಟಗಿನ ಕಡ್ಡಿ, ಅರ್ಧದಿಂದ ಮುಕ್ಕಾಲು ಇಂಚು ದಪ್ಪದ ಮೆತ್ತನೆ ಮರದ ಹಲಗೆ, ತಿರುಗಿಸೋಕೆ ಹಗ್ಗ ಕಟ್ಟಿದ ಬಿಲ್ಲು, ಮೇಲಿಂದ ಅದುಮೋಕೆ ಕುಳಿ ಇರೋ ಕಲ್ಲು. ಹಲಗೆಯಲ್ಲಿ ಕುಳಿ ಬಿದ್ದ ಮೇಲೆ ಅಂಚಿಂದ ನಡುವಿನ ತನಕ ವಿ ಆಕಾರದ ಕಚ್ಚು ಹಾಕ್ಬೇಕು. ಆ ಕಚ್ಚು ಇಲ್ಲದಿದ್ರೆ ಪುಡಿ ಒಂದು ಕಡೆ ಸೇರಲ್ಲ, ಕೆಂಡ ಹುಟ್ಟಲ್ಲ. ಬೀಳೋ ಪುಡಿ ಮೊದಲು ಕಾಫಿಪುಡಿ ಬಣ್ಣ, ಆಮೇಲೆ ಕಪ್ಪು. ತಿರುಗಿಸೋದು ನಿಲ್ಸಿದ ಮೇಲೂ ಪುಡಿಯೇ ತಾನಾಗಿ ಹೊಗೆಯಾಡಿದ್ರೆ ಕೆಂಡ ಆಯ್ತು ಅಂತ ಲೆಕ್ಕ.

ಆಷಾಢದಲ್ಲಿ ಇದೆಲ್ಲ ಕೆಡೋದು ಹೆಂಗೆ ಅಂದ್ರೆ, ಗಾಳಿಯ ತೇವಾಂಶ ನೂರಕ್ಕೆ ತೊಂಬತ್ತರ ಮೇಲೇ ನಿಂತಿರುತ್ತೆ. ಮಳೆಯ ಒಂದು ಹನಿ ತಾಗದ ಕಟ್ಟಿಗೆಯೂ ಆ ಗಾಳಿಯಲ್ಲಿ ತನ್ನ ಒಣತೂಕದ ಐದನೇ ಒಂದು ಪಾಲಿನಷ್ಟು ನೀರು ಕುಡ್ಕೊಂಡು ಕೂತಿರುತ್ತೆ. ತಿಕ್ಕಿದ ಬಿಸಿಯೆಲ್ಲ ಆ ನೀರು ಆವಿ ಮಾಡೋಕೇ ಖರ್ಚು. ಪುಡಿ ಉದುರೋ ಬದಲು ಕುಳಿ ಕನ್ನಡಿ ಹಂಗೆ ನುಣ್ಣಗಾಗಿ ಕಿರ್ರ್ ಅನ್ನುತ್ತೆ. ಒಂದು ಚಿಟಿಕೆ ಮರಳು ಹಾಕಿದ್ರೆ ಮತ್ತೆ ಹಿಡಿತ ಬರುತ್ತೆ, ಕೆಂಡ ಮಾತ್ರ ಬರಲ್ಲ. ಅಷ್ಟರಲ್ಲಿ ತೋಳು ಸೋತು, ಬೆವರಿಗೆ ಅಂಗಿ ಒಳಗಿಂದಲೂ ಒದ್ದೆ.

ಬೆಟ್ಟದ ಬ್ಯಾಗು
ಸರಿ, ಕಡ್ಡಿ ವಿದ್ಯೆ ಬಿಟ್ಟೆ. ಫೆರೋ ರಾಡ್? ಒದ್ದೆಯಾದ್ರೂ ಒರೆಸಿ ಗೀಚಿದ್ರೆ ಕಿಡಿ ಬರುತ್ತೆ.

ಕೊಕ್ಕೆಕತ್ತಿ
ಕಿಡಿ ಬರುತ್ತೆ, ಕಿಡಿ ಬೀಳೋಕೆ ಒಣಗಿದ್ದು ಎಂತಾದ್ರೂ ಬೇಕಲ್ಲ. ಟಿವಿಯವರು ಬರ್ಚ್ ಮರದ ತೊಗಟೆ ಕಿತ್ಕೊಳ್ತಾರೆ. ಆ ಮರ ನಮ್ಮಲ್ಲಿಲ್ಲ. ನಮ್ಮಲ್ಲಿರೋದು ಬೈನೆ, ತಾಳೆ ಜಾತಿಯ ಮರ. ಅದರ ಎಲೆಯ ಬುಡ ಕಾಂಡಕ್ಕೆ ಅಂಟೋ ಜಾಗದಲ್ಲಿ ಬೂದು ಕಂದು ಬಣ್ಣದ ನಯವಾದ ಹೊಟ್ಟು ಸಿಗುತ್ತೆ. ಹಿಂದಿನವರು ಚಕಮಕಿ ಕಲ್ಲಿನ ಕಿಡಿ ಹಿಡೀತಿದ್ದದ್ದು ಇಂಥದ್ದರಲ್ಲೇ. ಎಲೆಬುಡದ ಮರೆಯಲ್ಲಿರೋದ್ರಿಂದ ಉಳಿದದ್ದಕ್ಕಿಂತ ಒಣಗಿರುತ್ತೆ. ಒಂದು ಮುಷ್ಟಿ ಕೆರೆದು ಅಂಗಿ ಒಳಗೆ ಮೈಗೆ ತಾಗೋ ಹಂಗೆ ಇಟ್ಕೊಂಡ್ರೆ ಇನ್ನಷ್ಟು ಒಣಗುತ್ತೆ. ಆದ್ರೆ ಅದು ಕೆಂಡವಾಗಿ ಕಾಯುತ್ತೆ ಅಷ್ಟೆ, ಉರಿಯಲ್ಲ. ಉರಿ ಬೇಕಿದ್ರೆ ಧೂಪದ ಮರದ ಬುಡದಲ್ಲಿ ಉದುರಿ ಗಟ್ಟಿಯಾದ ರಾಳ ನೆಲ್ಲಿಕಾಯಿ ಗಾತ್ರ ಇದ್ರೆ ಸಾಕು. ಒದ್ದೆ ಇದ್ರೂ ಕರಿಹೊಗೆ ಬಿಟ್ಕೊಂಡು ಉರಿಯುತ್ತೆ. ಮರಕ್ಕೆ ಕತ್ತಿ ಹಾಕಿ ತೆಗೀಬೇಡಿ, ಕೆಳಗೆ ಬಿದ್ದದ್ದೇ ಸಿಗುತ್ತೆ.

ಇದೆಲ್ಲಕ್ಕಿಂತ ಸುಲಭ ಎಂತ ಗೊತ್ತಾ? ಪ್ಲಾಸ್ಟಿಕ್ ಸುತ್ತಿದ ಹತ್ತು ರೂಪಾಯಿ ಲೈಟರು, ಜೊತೆಗೆ ಬೆರಳುದ್ದ ಸೈಕಲ್ ಟ್ಯೂಬಿನ ನಾಲ್ಕು ತುಂಡು. ಟ್ಯೂಬು ಮಳೆಯಲ್ಲೂ ಉರಿಯುತ್ತೆ. ನಾತ ಹೊಡೆಯುತ್ತೆ, ಟಿವಿಯಲ್ಲಿ ಚಂದ ಕಾಣಲ್ಲ, ಅದಕ್ಕೇ ಅವರು ತೋರ್ಸಲ್ಲ.

ಕಟ್ಟಿಗೆಗೆ ನೆಲಕ್ಕೆ ಬಿದ್ದದ್ದು ಮುಟ್ಟೋದೇ ಬೇಡ. ನಿಂತೇ ಸತ್ತ ಗಿಡ, ಮುಂಗೈ ದಪ್ಪದ್ದು ಕಡಿದು ನಾಲ್ಕಾಗಿ ಸಿಗೀಬೇಕು. ಒಳಗಿನ ತಿರುಳು ಕೆನ್ನೆಗೆ ತಾಗ್ಸಿ ನೋಡಿ, ತಂಪು ಹೊಡೆದ್ರೆ ಅದೂ ಬೇಡ. ಒಣಗಿದ ಸೀಳಿನ ಮೇಲೆ ಕತ್ತಿ ಓಡ್ಸಿ ಸುರುಳಿ ಸುರುಳಿಯಾಗಿ ಹೆರೆದು, ಸುರುಳಿ ಉದುರಿಸದೆ ಕಡ್ಡಿಗೇ ಬಿಡಬೇಕು. ಅಂಥವು ಐದಾರು. ಅದರ ಮೇಲೆ ಬೆಂಕಿಕಡ್ಡಿ ದಪ್ಪ, ಪೆನ್ಸಿಲ್ ದಪ್ಪ, ಹೆಬ್ಬೆರಳು ದಪ್ಪ, ಹಂಗೇ ಕ್ರಮವಾಗಿ. ಕೆಳಗೆ ಹಸಿ ಕಡ್ಡಿ ಸಾಲಾಗಿ ಹಾಸಿ ಒಲೆ ನೆಲದಿಂದ ಎತ್ತರಿಸದಿದ್ರೆ ಮಣ್ಣಿನ ನೀರೇ ಬೆಂಕಿ ನುಂಗುತ್ತೆ.

ಸಿಸ್ಟರ್ ಸಾಗರ
ಅಣ್ಣ, ಅಲ್ಲೊಂದು ಮಾತು ಬಿಟ್ರಿ. ಹೊಳೆಗೇರು. ಅದರ ಸೊನೆ ತಾಗಿದ್ರೆ ಮೈ ಬೊಬ್ಬೆ ಏಳುತ್ತೆ, ಕೆಲವರಿಗೆ ಮುಖ ಕಣ್ಣೆಲ್ಲ ಊದುತ್ತೆ. ಕಟ್ಟಿಗೆ ಅಂತ ಒಲೆಗೆ ಹಾಕಿದ್ರೆ ಹೊಗೆಯೂ ಹಾಗೇ ಮಾಡುತ್ತೆ. ತೊಗಟೆ ಮೇಲೆ ಸೊನೆ ಇಳಿದು ಒಣಗಿ ಡಾಂಬರಿನ ಹಾಗೆ ಕಪ್ಪು ಗೆರೆ ಇದ್ರೆ ಆ ಮರದ ಹತ್ತಿರ ಹೋಗ್ಬೇಡಿ. ವಿದೇಶಿ ಶೋ ನೋಡಿ ಕಲಿತವರಿಗೆ ಈ ಗುರುತು ಗೊತ್ತಿರೋಕೆ ಸಾಧ್ಯವೇ ಇಲ್ಲ.

ನಾನು ಬಂದದ್ದು ಎರಡನೇ ಪಾಠಕ್ಕೆ. ಎಲೆ ಹಾಸಿಗೆ.

ಚಳಿದೇಶದ ಕಾಡಿಗೆ ಆ ಪಾಠ ಸರಿ. ಒಣ ಎಲೆಗಳ ನಡುವೆ ಗಾಳಿ ಸಿಕ್ಕಿಕೊಂಡು ನೆಲದ ತಂಪು ತಡೆಯುತ್ತೆ. ನಮ್ಮಲ್ಲಿ ಮಳೆಗಾಲದಲ್ಲಿ ದರಗು (ಉದುರಿದ ಎಲೆ) ಒದ್ದೆ, ಬೇಸಿಗೆಯಲ್ಲಿ ದರಗಿನಲ್ಲಿ ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ. ಈ ಉಣುಗಿಂದ ಹರಡೋ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಪ್ರಪಂಚದ ವೈದ್ಯಶಾಸ್ತ್ರದಲ್ಲಿ ಆ ಕಾಯಿಲೆಗೆ ನಮ್ಮ ಹಳ್ಳಿಯ ಹೆಸರು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆಗ ಓಡಾಡೋದು ಮರಿ ಉಣುಗು, ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗಲ್ಲ. ಅದು ಕಾಯೋದು ಸರಿಯಾಗಿ ಈ ಶೋಗಳವರು ಎರಡೂ ಕೈಯಲ್ಲಿ ಬಾಚಿ ಎದೆಗೊತ್ತಿಕೊಂಡು ತರೋ ದರಗಿನಲ್ಲೇ. ಕೊಟ್ಟಿಗೆಗೆ ದರಗು ತರೋರಿಗೆ, ಕಟ್ಟಿಗೆಗೆ ಹೋಗೋರಿಗೆ ಈ ಕಾಯಿಲೆ ಹೆಚ್ಚು ಬರೋದೂ ಅದಕ್ಕೇ.

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಸೊಂಟ ಮೀನಖಂಡ ಎಲ್ಲ ಹಿಂಡಿದ ಹಾಗೆ ನೋವು. ಕೆಲವರಿಗೆ ಒಸಡಿಂದ, ಮೂಗಿಂದ ರಕ್ತ. ನೂರರಲ್ಲಿ ಮೂರರಿಂದ ಐದು ಜನ ಉಳಿಯಲ್ಲ. ಇಂಥ ಜ್ವರಕ್ಕೆ ಆಸ್ಪಿರಿನ್, ಬ್ರುಫೆನ್ ತಗೋಬೇಡಿ, ರಕ್ತಸ್ರಾವ ಹೆಚ್ಚಾಗುತ್ತೆ. ಪ್ಯಾರಾಸಿಟಮಾಲ್ ತಗೊಂಡು ನೇರ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನ ಬಾಯಿಬಿಟ್ಟು ಹೇಳಿ. ಹಳೇ ಲಸಿಕೆ ಈಗ ಕೊಡ್ತಿಲ್ಲ, ನಿಲ್ಲಿಸಿದ್ದಾರೆ. ಉಳಿದದ್ದು ಉಣುಗು ಹತ್ತದ ಹಾಗೆ ಮೈಗೆ ಹಚ್ಚೋಕೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ, ಮೈ ಮುಚ್ಚೋ ಬಟ್ಟೆ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಹಾಕಿದ್ದ ಬಟ್ಟೆ ಕುದಿಯೋ ನೀರಿಗೆ.

ಅಂಟಿದ ಉಣುಗನ್ನ ಸೀಮೆಎಣ್ಣೆ ಹಾಕಿ, ಬೆಂಕಿಕಡ್ಡಿ ಸುಟ್ಟು ಬಿಡಿಸೋದು ತಪ್ಪು. ಚಿಮಟ ಚರ್ಮಕ್ಕೆ ತಾಗೋ ಹಾಗೆ ಹಿಡಿದು ನೇರ ಮೇಲಕ್ಕೆ ಎಳೀರಿ. ಉಗುರಲ್ಲಿ ಹಿಸುಕಬೇಡಿ.

ಬೆಟ್ಟದ ಬ್ಯಾಗು
ಅಕ್ಕ, ಇದು ನಿಜಕ್ಕೂ ಗೊತ್ತಿರಲಿಲ್ಲ. ಹಾಗಾದ್ರೆ ನೆಲದಲ್ಲಿ ಮಲಗೋದೇ ಬೇಡವಾ?

ಸಿಸ್ಟರ್ ಸಾಗರ
ಬೇಡ. ಮಳೆಗಾಲದಲ್ಲಿ ಉಣುಗಿನ ಭಯ ಕಮ್ಮಿ ಅಂದ್ರೂ ಇಂಬಳ (ಕಾಡಿನ ಜಿಗಣೆ), ಇಲಿ ಜ್ವರ ತರೋ ನೀರು, ಚಳಿ ಇದ್ದೇ ಇವೆ. ಚಳಿ ಅಂದ್ರೆ ನಗಬೇಡಿ. ಜುಲೈ ರಾತ್ರಿ 20 ಡಿಗ್ರಿ ಅಂದ್ರೆ ಕಾಗದದ ಮೇಲೆ ಏನೂ ಅಲ್ಲ. ಮೈ ಪೂರ್ತಿ ತೊಯ್ದು, ಗಾಳಿಯಲ್ಲಿ, ಹಸಿದ ಹೊಟ್ಟೆಯಲ್ಲಿ ಹತ್ತು ಗಂಟೆ ಕೂತವರಿಗೆ ಅಷ್ಟು ಸಾಕು. ನಡುಗ್ತಾ ಇದ್ರೆ ಇನ್ನೂ ಪರವಾಗಿಲ್ಲ. ನಡುಕ ನಿಂತು ಮಾತು ತೊದಲೋಕೆ ಶುರುವಾದ್ರೆ ಅಪಾಯ. ಜೀನ್ಸ್ ಪ್ಯಾಂಟು ಹಾಕ್ಕೊಂಡು ಬರೋರು ಮೊದಲು ಸಿಕ್ಕಿಬೀಳ್ತಾರೆ, ಒದ್ದೆ ಹತ್ತಿ ಬಟ್ಟೆ ಮೈಯ ಶಾಖ ಹೀರ್ತಾನೇ ಇರುತ್ತೆ. ಕಂಬಳಿ ನೆನೆದ್ರೂ ಒಂದಷ್ಟು ಬೆಚ್ಚಗಿಡುತ್ತೆ. ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆ ನಾಟಿ ಮಾಡಿದೋರು ದಡ್ಡರೇನಲ್ಲ.

ಕ್ಯಾಮೆರಾ ಕಣ್ಣು
ವಿದ್ಯೆ ನಡೆಯುತ್ತೋ ಇಲ್ಲವೋ ಅನ್ನೋದು ಒಂದು, ಅವರು ಅದನ್ನು ನಿಜವಾಗಿ ಮಾಡ್ತಾರೋ ಇಲ್ಲವೋ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಚೌಕಟ್ಟು ನೋಡಿದ್ರೆ ಸಾಕು, ಯಾರ ಸಾಕ್ಷಿಯೂ ಬೇಡ.

ನಡೆಯುವವನ ಮುಂದೆ ಕ್ಯಾಮೆರಾ ಹಿಂದಕ್ಕೆ ಸರಿಯುತ್ತಾ ಹೋದ್ರೆ ಅಲ್ಲಿ ಇನ್ನೊಬ್ಬ ಇದ್ದಾನೆ, ಅವನ ಹೆಜ್ಜೆಗೆ ಜಾಗ ಇದೆ, ಅಂದ್ರೆ ದಾರಿ ಆಗಲೇ ಸವರಿದೆ. ಹಾವು ಒಂದು ಶಾಟಿನಲ್ಲಿ, ಮನುಷ್ಯನ ಮುಖ ಇನ್ನೊಂದರಲ್ಲಿ, ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರೋದೇ ಇಲ್ಲ ಅಂದ್ರೆ ಎರಡನ್ನೂ ಒಂದೇ ದಿನ ತೆಗೆದಿದ್ದಾರೆ ಅಂತ ನಂಬಬೇಕಾಗಿಲ್ಲ. ಹಳ್ಳ ದಾಟಿ ಬಂದವನ ಅಂಗಿ ಮುಂದಿನ ಶಾಟಿಗೆ ಒಣಗಿದ್ಯಾ? ನೆರಳು ಎಡಕ್ಕಿದ್ದದ್ದು ಬಲಕ್ಕೆ ಬಂತಾ? ಗಡ್ಡ ಬೆಳೆಯುತ್ತಾ? ಬೆಂಕಿಯ ಚಟಪಟ ಸದ್ದು ದೂರದ ಶಾಟಿನಲ್ಲೂ ಕಿವಿಯ ಪಕ್ಕದಲ್ಲೇ ಕೇಳಿದ್ರೆ ಅದು ಸ್ಟುಡಿಯೋದ್ದು.

ಗ್ರಿಲ್ಸ್ ವಿಷಯ 2007ರಲ್ಲೇ ಹೊರಗೆ ಬಂದಿತ್ತು. ಕಾಡಿನಲ್ಲಿ ರಾತ್ರಿ ಕಳೆದ ಹಾಗೆ ತೋರಿಸಿ ವಸತಿಗೃಹದಲ್ಲಿ ಮಲಗಿದ್ದರು ಅಂತ ಸುದ್ದಿಯಾಗಿ ಬ್ರಿಟನ್ನಿನ ಚಾನೆಲ್ 4 ವಿಚಾರಣೆ ಮಾಡಿತು. ಆಮೇಲೆ ಕಾರ್ಯಕ್ರಮದ ಶುರುವಲ್ಲಿ, ತಂಡದ ನೆರವು ಇರುತ್ತೆ, ಕೆಲವು ಸನ್ನಿವೇಶ ತೋರಿಸೋಕಾಗಿಯೇ ಸಿದ್ಧ ಮಾಡಿದ್ದು ಅನ್ನೋ ಅರ್ಥದ ಒಕ್ಕಣೆ ಹಾಕೋಕೆ ಶುರು ಮಾಡಿದ್ರು. ನನ್ನ ಮಟ್ಟಿಗೆ ಅದು ಅಪರಾಧವೇನೂ ಅಲ್ಲ. ಅದು ಯಕ್ಷಗಾನದ ಹಾಗೆ. ವೇಷಧಾರಿ ನಿಜಕ್ಕೂ ರಾಕ್ಷಸನಲ್ಲ ಅಂತ ಗೊತ್ತಿದ್ದೇ ಬೆಳಗಿನವರೆಗೆ ಕೂರ್ತೀವಲ್ಲ.

ಸ್ಟ್ರೌಡ್‌ನದ್ದು ಬೇರೆ ಕಷ್ಟ. ಒಬ್ಬನೇ ಬೆಟ್ಟ ಹತ್ತಿ ದೂರ ಹೋಗುವ ಒಂದು ಶಾಟ್ ಬೇಕಿದ್ರೆ ಕ್ಯಾಮೆರಾ ನಿಲ್ಲಿಸಬೇಕು, ಹತ್ತಬೇಕು, ವಾಪಸ್ ಇಳಿದು ಕ್ಯಾಮೆರಾ ತಗೊಂಡು ಮತ್ತೆ ಹತ್ತಬೇಕು. ಒಂದು ದಾರಿಗೆ ಮೂರು ನಡಿಗೆ, ಅದೂ ಬರಿಹೊಟ್ಟೆಯಲ್ಲಿ. ಅವನ ಶೋದಲ್ಲಿ ಅತಿ ದೊಡ್ಡ ಸುಳ್ಳು ಅಂದ್ರೆ ಇಷ್ಟೇ: ಕ್ಯಾಮೆರಾ ಇಲ್ಲದಿದ್ರೆ ಅವನಿಗೆ ಅಷ್ಟು ಸುಸ್ತಾಗ್ತಿರಲಿಲ್ಲ.

ಗುಡ್ಡೆಕೇರಿ
ಯಕ್ಷಗಾನದ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಯಕ್ಷಗಾನ ನೋಡಿ ಯಾರೂ ಗದೆ ಹಿಡ್ಕೊಂಡು ಹೊರಡಲ್ಲ. ಇದನ್ನ ನೋಡಿದೋರು ಹೊರಡ್ತಾರೆ. ಮೂರನೇ ಪಾಠಕ್ಕೆ ಬರ್ತೀನಿ, ಜೀವ ತೆಗೆಯೋದು ಅದೇ.

ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತೆ ಅನ್ನೋದು ನೀರು ಯಾವ ಕಡೆ ಹರಿಯುತ್ತೆ ಅನ್ನೋದರ ಮೇಲೆ ನಿಂತಿದೆ. ಆಗುಂಬೆ ಕೂತಿರೋದು ಘಟ್ಟದ ಏಣಿನ ಮೇಲೆ, ಅಂದ್ರೆ ನೀರು ಎರಡು ಕಡೆಗೆ ಒಡೆಯೋ ನೆತ್ತಿಯ ಮೇಲೆ. ಪೂರ್ವದ ಕಡೆ ಹರಿಯೋ ಹಳ್ಳ ಸಿಕ್ಕಿದ್ರೆ ನಿಮ್ಮ ಅದೃಷ್ಟ, ಮಾಲತಿ ಹೊಳೆ ಸೇರುತ್ತೆ, ಮಾಲತಿ ತುಂಗೆ ಸೇರುತ್ತೆ, ಇಳಿಜಾರು ನಿಧಾನ, ನಡುವೆ ಗದ್ದೆ ಬಯಲು, ಅಡಿಕೆ ತೋಟ, ಮನೆ. ಅದೇ ಏಣಿನ ಪಶ್ಚಿಮಕ್ಕೆ ಹರಿಯೋದು ಸೀತಾನದಿಯ ನೀರು. ಅದನ್ನ ನಂಬಿ ಇಳಿದ್ರೆ ಬರ್ಕಣ ಜಲಪಾತದ ತಲೆಗೆ ಬಂದು ನಿಲ್ತೀರಿ, ಕೆಳಗೆ 850 ಅಡಿ ಆಸುಪಾಸಿನ ಆಳ. ಎರಡು ಹಳ್ಳಕ್ಕೂ ಹುಟ್ಟಿದ ಜಾಗದಲ್ಲಿ ಹೆಚ್ಚು ದೂರವಿಲ್ಲ, ಮಂಜು ಮುಸುಕಿದಾಗ ಯಾವುದು ಯಾವುದು ಅಂತ ಗುರುತೂ ಸಿಗಲ್ಲ. ಕೊಡಚಾದ್ರಿಯಲ್ಲೂ ಇದೇ ಕಥೆ. 1343 ಮೀಟರ್ ಎತ್ತರ, ಮೋಡ ಇಳಿದ್ರೆ ಹತ್ತು ಮಾರು ಮುಂದಿನದು ಕಾಣಲ್ಲ, ಹುಲ್ಲುಗಾವಲಲ್ಲಿ ದನದ ಜಾಡೂ ಒಂದೇ, ಜನರ ಜಾಡೂ ಒಂದೇ.

ಇನ್ನೊಂದು, ಹಳ್ಳದ ಪಾತ್ರದಲ್ಲೇ ಇಳಿಯೋರಿಗೆ: ನಿಮ್ಮ ತಲೆಮೇಲೆ ಮಳೆ ಇಲ್ಲದಿದ್ರೂ ಮೇಲಿನ ಗುಡ್ಡದಲ್ಲಿ ಹೊಯ್ದಿರುತ್ತೆ. ತಿಳಿ ನೀರು ಇದ್ದಕ್ಕಿದ್ದಂಗೆ ಕೆಂಪಾಗಿ, ಕಸ ಕಡ್ಡಿ ತೇಲಿ ಬರೋಕೆ ಶುರುವಾದ್ರೆ ಚಪ್ಪಲಿ ಹುಡುಕ್ತಾ ನಿಲ್ಲಬೇಡಿ, ದಡ ಹತ್ತಿ.

ಬೆಟ್ಟದ ಬ್ಯಾಗು
ಹಾಗಾದ್ರೆ ಕಳೆದುಹೋದವನು ಏನು ಮಾಡ್ಬೇಕು? ಅಲ್ಲೇ ಕೂತ್ಕೊಳ್ಳೋದಾ?

ಗುಡ್ಡೆಕೇರಿ
ಹೌದು, ಕೂತ್ಕೊಳ್ಳೋದೇ. ಟಿವಿಯಲ್ಲಿ ತೋರಿಸೋಕಾಗದ ವಿದ್ಯೆ ಇದೊಂದೇ. ಒಬ್ಬ ಮನುಷ್ಯ ಮರದ ಬುಡದಲ್ಲಿ ಇಪ್ಪತ್ತು ಗಂಟೆ ಕೂತಿದ್ರೆ ಯಾರು ಜಾಹೀರಾತು ಕೊಡ್ತಾರೆ?

ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಲ್ಲಿ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಹತ್ತು ನಿಮಿಷದೊಳಗೆ ಇದ್ರೆ ಬಂದ ದಾರಿಯಲ್ಲೇ ವಾಪಸ್. ಇಲ್ಲದಿದ್ರೆ ಅಲ್ಲೇ ತಂಗೋದು. ಫೋನಿನ ಜಿಪಿಎಸ್ಸಿಗೆ ನೆಟ್‌ವರ್ಕ್ ಬೇಕಾಗಿಲ್ಲ, ಏರೋಪ್ಲೇನ್ ಮೋಡಿನಲ್ಲೂ ಅಕ್ಷಾಂಶ ರೇಖಾಂಶ ತೋರಿಸುತ್ತೆ. ಅದನ್ನ ಬರ್ಕೊಳ್ಳಿ. ಏಣಿನ ಮೇಲೆ ಒಂದು ಗೆರೆ ಸಿಗ್ನಲ್ ಸಿಕ್ಕಿದ್ರೆ ಮೊದಲು 112. ಕರೆ ಹೋಗದಿದ್ರೂ ಮೆಸೇಜ್ ಎಷ್ಟೋ ಸಲ ದಾಟುತ್ತೆ, ಮನೆಯವರಿಗೆ ಅಂಕಿ ಸಮೇತ ಕಳಿಸಿ. ಆಮೇಲೆ ಫೋನ್ ಆಫ್. ಸೀಟಿ ಇದ್ರೆ ಮೂರು ಸಲ ಊದಿ ಒಂದು ನಿಮಿಷ ಬಿಡಿ, ಮತ್ತೆ ಮೂರು. ಕೂಗಿ ಕೂಗಿ ಗಂಟಲು ಹರ್ಕೋಬೇಡಿ, ಮಳೆ ಸದ್ದಿನಲ್ಲಿ ಮಾತು ಐವತ್ತು ಮಾರೂ ಹೋಗಲ್ಲ.

ನಾಕಾ ಗೇಟು
ಇಷ್ಟು ಹೊತ್ತು ಯಾರೂ ಕಾನೂನು ಎತ್ತಲಿಲ್ಲ. ಬೆಂಕಿ ಹೆಂಗೆ ಹಚ್ಚೋದು ಅಂತ ಪಾಠ ನಡೀತಿದೆ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆ, ಶೆಟ್ಟಿಹಳ್ಳಿ ಇವೆಲ್ಲ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಕಾಲಿಡೋದೇ ತಪ್ಪು, ಬೆಂಕಿ ಇನ್ನೂ ದೊಡ್ಡ ತಪ್ಪು. ಮೀಸಲು ಅರಣ್ಯಕ್ಕೆ ರಾಜ್ಯದ 1963ರ ಅರಣ್ಯ ಕಾಯ್ದೆ ಇದೆ. ಟಿವಿ ನೋಡಿ ಉಡ ಹಿಡಿದು ಸುಟ್ಟು ರೀಲ್ಸ್ ಮಾಡಿದ್ರೆ, ಅದು ಮೊದಲನೇ ಪಟ್ಟಿಯ ಪ್ರಾಣಿ, ಕನಿಷ್ಠ 3 ವರ್ಷ ಜೈಲು. ಹೆಬ್ಬಾವೂ ಅದೇ ಪಟ್ಟಿಯಲ್ಲಿದೆ. ವಿಡಿಯೋನೇ ಸಾಕ್ಷಿ, ಬೇರೆ ಹುಡುಕೋ ಕೆಲಸವೂ ಇಲ್ಲ.

ಕ್ಯಾಮೆರಾ ಕಣ್ಣು
ಹಾಗಿದ್ರೆ 2020ರ ಜನವರಿಯಲ್ಲಿ ಬಂಡೀಪುರದಲ್ಲಿ ರಜನಿಕಾಂತ್ ಜೊತೆ ಗ್ರಿಲ್ಸ್ ಚಿತ್ರೀಕರಣ ಮಾಡಿದ್ದು? ಸಾಮಾನ್ಯ ಪ್ರವಾಸಿ ಸಫಾರಿ ಜೀಪಿಂದ ಕಾಲು ಕೆಳಗಿಡೋ ಹಾಗಿಲ್ಲ.

ನಾಕಾ ಗೇಟು
ಅನುಮತಿ ತಗೊಂಡೇ ಮಾಡಿದ್ದು. ಅನುಮತಿ ಕೊಡಬೇಕಿತ್ತಾ ಅನ್ನೋದು ಬೇರೆ ಚರ್ಚೆ, ಅದರಲ್ಲಿ ನಾನು ನಿಮ್ಮ ಕಡೆಯೇ. ಹಿಂದಿನ ವರ್ಷದ ಫೆಬ್ರವರಿಯಲ್ಲಷ್ಟೇ ಅಲ್ಲಿ ದೊಡ್ಡ ಕಾಳ್ಗಿಚ್ಚು ಬಿದ್ದಿತ್ತು.

ಆದ್ರೆ ಅದನ್ನ ನೋಡಿ ನಮ್ಮ ಕಾಡೂ ಹಂಗೇ ಅಂದ್ಕೊಳ್ಳೋದು ಮೂರ್ಖತನ. ಅದು ಎಲೆ ಉದುರೋ ಒಣ ಕಾಡು, ದೂರದವರೆಗೆ ಕಣ್ಣು ಹೋಗುತ್ತೆ. ಆಗುಂಬೆಯಲ್ಲಿ ಐದೂವರೆಗೆ ಮರದಡಿ ಕತ್ತಲೆ. ಚಾರಣಕ್ಕೆ ಬರೋರು ಅರಣ್ಯ ವಿಹಾರ ಜಾಲತಾಣದಲ್ಲಿ ಬುಕ್ ಮಾಡ್ಕೊಂಡು ಬನ್ನಿ. ಪಟ್ಟಿಯಲ್ಲಿ ನಿಮ್ಮ ಹೆಸರಿದ್ರೆ ಸಂಜೆ ವಾಪಸ್ ಬರದಿದ್ದಾಗ ಹುಡುಕೋಕೆ ಶುರುವಾದ್ರೂ ಆಗುತ್ತೆ. ಕಳ್ಳದಾರಿಯಲ್ಲಿ ಹೋದವನು ಕಾಣೆಯಾದದ್ದು ಗೊತ್ತಾಗೋಕೇ ಎರಡು ದಿನ ಬೇಕು.

ಬೆಟ್ಟದ ಬ್ಯಾಗು
ಸರಿ, ಬೆಂಕಿ, ಹಾಸಿಗೆ, ಹಳ್ಳ ಮೂರೂ ಸೋತೆ. ಊಟ? ಮಲೆನಾಡಲ್ಲಿ ತಿನ್ನೋಕೆ ಏನು ಕಮ್ಮಿ? ಕಳಲೆ (ಎಳೆ ಬಿದಿರು), ಅಣಬೆ, ಕೆಸು, ಏಡಿ, ಚಗಳಿ ಇರುವೆ.

ಕೊಕ್ಕೆಕತ್ತಿ
ಇದು ಹೋಟೆಲ್ ಮೆನು ಓದ್ದಂಗಾಯ್ತು.

ಕಳಲೆ ಹಸಿಯಾಗಿ ತಿಂದ್ರೆ ಅದರಲ್ಲಿ ಸಯನೈಡ್ ಬಿಡೋ ಅಂಶ ಇರುತ್ತೆ. ಹೆಚ್ಚಿ ಮೂರು ದಿನ ನೀರು ಬದಲಾಯಿಸಿ ನೆನೆ ಹಾಕೋದು ರುಚಿಗಲ್ಲ. ಕೆಸುವಿಗೆ ಹುಳಿ ಬೀಳದಿದ್ರೆ, ಚೆನ್ನಾಗಿ ಬೇಯದಿದ್ರೆ ಗಂಟಲಿಗೆ ಸೂಜಿ ಚುಚ್ಚಿದಂಗೆ ಆಗುತ್ತೆ. ಬೈನೆ ಹಣ್ಣು ಮುಟ್ಟಿದ್ರೂ ತುರಿಕೆ. ಕಲ್ಲೇಡಿ ಅರೆಬೆಂದದ್ದು ತಿಂದ್ರೆ ಶ್ವಾಸಕೋಶಕ್ಕೆ ಹುಳ ಸೇರಬಹುದು, ಟಿವಿಯಲ್ಲಿ ಹಸಿಯಾಗೇ ಕಚ್ಚೋದು ನೋಡಿ ಕಲೀಬೇಡಿ. ಅಣಬೆ ಗುರುತು ಗೊತ್ತಿಲ್ಲದವ ಅಣಬೆ ಮುಟ್ಟೋದೇ ಬೇಡ. ಹಣ್ಣೆಲ್ಲ ಬೇಸಿಗೆ ಕೊನೆಗೆ, ಆಷಾಢಕ್ಕೆ ಹೆಚ್ಚಿನವು ಮುಗಿದಿರ್ತವೆ.

ಗುಡ್ಡೆಕೇರಿ
ಲೆಕ್ಕವನ್ನೂ ನೋಡಿ. ನೂರು ಗ್ರಾಂ ಕಳಲೆಯಲ್ಲಿ ಮೂವತ್ತು ಕ್ಯಾಲೊರಿಯೂ ಇಲ್ಲ. ಎರಡು ಸಾವಿರ ಬೇಕಿದ್ರೆ ದಿನಕ್ಕೆ ಏಳು ಕೇಜಿ ಮೇಲೆ ತಿನ್ನಬೇಕು. ಅಲೋನ್ ಶೋದ ಅಸಲಿ ವಿಷಯವೇ ಈ ಲೆಕ್ಕ. 2020ರ ಏಳನೇ ಸೀಸನ್‌ನಲ್ಲಿ ಗ್ರೇಟ್ ಸ್ಲೇವ್ ಸರೋವರದ ಹತ್ತಿರ 100 ದಿನ ಪೂರೈಸಿ 10 ಲಕ್ಷ ಡಾಲರ್ ಗೆದ್ದವನ ಕೈಗೆ ಕಸ್ತೂರಿ ಎತ್ತು ಸಿಕ್ಕಿತ್ತು, ಅಂದ್ರೆ ಮಾಂಸದ ಜೊತೆ ಕೊಬ್ಬು ಸಿಕ್ಕಿತ್ತು. ಬರೀ ಮೊಲ ತಿಂದವರು ಹೊಟ್ಟೆ ತುಂಬಿಯೂ ಸೊರಗ್ತಾರೆ, ಕೊಬ್ಬಿಲ್ಲದ ಮಾಂಸ ಮೈಗೆ ಹತ್ತಲ್ಲ. ಆರನೇ ಸೀಸನ್‌ನಲ್ಲಿ ಮೂಸ್ ಅನ್ನೋ ದೊಡ್ಡ ಜಿಂಕೆ ಹೊಡೆದವನು ಮಾಂಸ ಕಾಯೋದಕ್ಕಿಂತ ಕೊಬ್ಬು ಕಾಯೋಕೆ ಹೆಣಗಿದ. ಕಾಡುಪ್ರಾಣಿ ಬಂದು ಕದ್ದದ್ದೂ ಅದನ್ನೇ.

ನಮ್ಮ ಜನ ಯಾಕೆ ನೋಡ್ತಾರೆ ಅನ್ನೋದಕ್ಕೆ ನನ್ನ ಉತ್ತರ ಇಲ್ಲೇ ಇದೆ. ಹುಲಿ ಕರಡಿ ನೋಡೋಕಲ್ಲ. ಇರೋ ಎರಡು ಮುಷ್ಟಿಯನ್ನ ಎಷ್ಟು ದಿನ ಎಳೀತಾನೆ, ಗಂಟು ಹೆಂಗೆ ಹಾಕ್ತಾನೆ, ಸೂರು ಎಲ್ಲಿ ಸೋರುತ್ತೆ ಅನ್ನೋದನ್ನ ನೋಡೋಕೆ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಪೇರಿಸಿ, ಹಪ್ಪಳ ಸಂಡಿಗೆ ಅಟ್ಟಕ್ಕೆ ಹಾಕೋ ಊರಿನವರಿಗೆ ಆ ಎದೆಬಡಿತ ಅರ್ಥವಾಗುತ್ತೆ.

ಕ್ಯಾಮೆರಾ ಕಣ್ಣು
ಅದು ಅಲೋನ್‌ಗೆ ಸರಿ. 2013ರಿಂದ ಬರ್ತಿರೋ ನೇಕೆಡ್ ಆಂಡ್ ಅಫ್ರೇಡ್ ನೋಡೋದು ಹಪ್ಪಳದ ನೆನಪಿಗೆ ಅಂತೀರಾ? 21 ದಿನ, ಮೈಮೇಲೆ ಬಟ್ಟೆಯಿಲ್ಲ. ಅದನ್ನ ಜನ ನೋಡೋದು ಇನ್ನೊಬ್ಬರ ಪಾಡು ನೋಡೋ ಚಪಲಕ್ಕೆ, ಅದಕ್ಕೆ ಹೆಸರು ಬೇರೆ ಇಡೋದು ಬೇಡ.

ಕೊಕ್ಕೆಕತ್ತಿ
ಬಟ್ಟೆ ಇಲ್ದೆ ನಮ್ ಕಡೆ ಬಂದ್ರೆ 21 ದಿನ ಅಲ್ಲ, 21 ನಿಮಿಷ. ಇಂಬಳ ಇದೆ.

ನಗೆ ಆಯ್ತು, ಇಂಬಳಕ್ಕೆ: ಉಪ್ಪು, ಸುಣ್ಣ, ಹೊಗೆಸೊಪ್ಪು ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಗಿಸಿ. ಹತ್ತಿದ್ದಕ್ಕೆ ತಾಗ್ಸಿದ್ರೆ ಉದುರುತ್ತೆ.

ಸಿಸ್ಟರ್ ಸಾಗರ
ಬಟ್ಟೆ ಮೇಲೆ ಹತ್ತೋವಾಗ ಸರಿ ಅಣ್ಣ. ಕಚ್ಚಿ ಹಿಡಿದಾಗ ಉಪ್ಪು ಹಾಕಿದ್ರೆ ಹೊಟ್ಟೆಯಲ್ಲಿರೋದನ್ನ ಗಾಯಕ್ಕೇ ಕಕ್ಕುತ್ತೆ. ಆಗ ಉಗುರನ್ನ ಅದರ ಬಾಯಿಯ ಅಡಿಗೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತೆ, ಅದಕ್ಕೆ ತುಂಬಾ ಹೊತ್ತು ಸೋರುತ್ತೆ, ಒತ್ತಿ ಹಿಡ್ಕೊಳ್ಳಿ. ಹಾವಿನ ವಿಷಯದಲ್ಲೂ ಒಂದು: ಕೊಯ್ಯೋದು, ಚೀಪೋದು, ಬಿಗಿಯಾಗಿ ಕಟ್ಟೋದು ಮೂರೂ ಬೇಡ. ಕೈಕಾಲು ಅಲುಗದ ಹಾಗೆ ದಬ್ಬೆ ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ.

ಬೆಟ್ಟದ ಬ್ಯಾಗು
ಕೊನೆಗೆ ಒಂದು ಕೇಳ್ತೀನಿ. ಒಂದು ದಿನದ ಚಾರಣಕ್ಕೆ ಬರೋನು ಅಕಸ್ಮಾತ್ ರಾತ್ರಿ ಸಿಕ್ಕಿಬಿದ್ರೆ ಬ್ಯಾಗಲ್ಲಿ ಏನಿರಬೇಕು? ಸರ್ವೈವಲ್ ಚಾಕು ತಗೊಳ್ಳೋದಾ?

ಕೊಕ್ಕೆಕತ್ತಿ
ಚಾಕು ಬೇಡ. ಕಾಡಿನ ಕೆಲಸದವರು ಸೊಂಟದ ಹಿಂದೆ ಕೊಕ್ಕೆಗೆ ಸಿಗಿಸೋ ಕತ್ತಿ ನೋಡಿ, ತುದಿ ಬಾಗಿರುತ್ತೆ. ಎಳೆದಾಗ ಕೊಂಬೆ ಜಾರಲ್ಲ, ಮುಳ್ಳು ಕೈಗೆ ಬರಲ್ಲ. ಆದ್ರೆ ಚಾರಣಕ್ಕೆ ಅದನ್ನ ಹಿಡ್ಕೊಂಡು ಬಂದ್ರೆ ನಾಕಾ ಗೇಟಿನವರು ಸುಮ್ನೆ ಬಿಡಲ್ಲ.

ನಿಮಗೆ ಬೇಕಾದ್ದು ಟಾರ್ಪಾಲು. ಅಡಿಕೆ ಒಣಗ್ಸೋಕೆ ತರೋ ಥರದ್ದೇ, ಎಂಟಡಿಗೆ ಹತ್ತಡಿ ಸಾಕು, ತೆಳುವಾದ್ದು. ನೈಲಾನ್ ಹಗ್ಗ ಇಪ್ಪತ್ತು ಅಡಿ ಒಂದು, ನಾಲ್ಕು ಅಡಿಯದ್ದು ನಾಲ್ಕು. ಎರಡು ಮರಕ್ಕೆ ಹಗ್ಗ ಎದೆಮಟ್ಟಕ್ಕಿಂತ ಕೆಳಗೆ ಕಟ್ಟಿ. ಮೇಲೆ ಒಣ ಕೊಂಬೆ ನೇತಾಡ್ತಿಲ್ಲ ಅಂತ ಮೊದಲು ನೋಡಿ. ಮಳೆಗಾಲದ ಗಾಳಿ ಪಡುವಣದಿಂದ, ಆ ಕಡೆಯ ಅಂಚನ್ನ ನೆಲಕ್ಕೆ ತಾಗೋ ಹಂಗೆ ಎಳೆದು ಕಟ್ಟಿ. ಇಳಿಜಾರು ಕಡಿದಾಗಿರ್ಲಿ, ಚಪ್ಪಟೆ ಬಿಟ್ರೆ ನಡುವೆ ನೀರು ನಿಂತು ಹೊಟ್ಟೆ ಬಿಡುತ್ತೆ. ಹೆಚ್ಚಿನವರು ಕೆಡೋದು ಇಲ್ಲಿ: ಮರದ ಮೇಲಿನ ನೀರು ಹಗ್ಗ ಹಿಡ್ಕೊಂಡು ಒಳಗೇ ಬರುತ್ತೆ. ಟಾರ್ಪಾಲಿನ ಅಂಚಿಂದ ಒಂದು ಗೇಣು ಹೊರಗೆ ಹಗ್ಗಕ್ಕೆ ಬಟ್ಟೆ ಚೂರೋ ದಾರವೋ ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ನೆಲಕ್ಕೆ ಕೂರ್ಬೇಡಿ, ಬ್ಯಾಗ್ ಮೇಲೆ ಕೂರಿ. ಟಾರ್ಪಾಲಿಂದ ಇಳಿಯೋ ಮಳೆನೀರು ಮೊದಲ ಐದು ನಿಮಿಷ ಬಿಟ್ಟು ಬಾಟಲಿಗೆ ಹಿಡೀರಿ. ಮಳೆಗಾಲದಲ್ಲಿ ನೀರು ಹುಡುಕ್ತೀನಿ ಅಂತ ಬಳ್ಳಿ ಕಡಿಯೋ ನಾಟಕ ಬೇಡ.

ಗುಡ್ಡೆಕೇರಿ
ಸೀಟಿ, ಟಾರ್ಚು, ಒಣ ಅಂಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಬೆಲ್ಲ ನೆಲಗಡಲೆ ಕಾಲು ಕೇಜಿ. ಅಷ್ಟು ಸೇರಿಸಿ.

ಸಿಸ್ಟರ್ ಸಾಗರ
ಚಿಮಟ.

ಬೆಟ್ಟದ ಬ್ಯಾಗು
ಬರ್ಕೊಂಡೆ. ಟಾರ್ಪಾಲು ನೀಲಿಯದ್ದೇ ಇರಲಿ ಅಲ್ವಾ, ಹಸಿರು ತಗೊಂಡ್ರೆ ಹುಡುಕೋರಿಗೆ ಕಾಣಲ್ಲ?

ನಾಕಾ ಗೇಟು
ನೀಲಿ. ವಾಪಸ್ ಹೋಗುವಾಗ ಬಿಚ್ಚಿ ತಗೊಂಡು ಹೋಗಿ.